ಪಡಿಯಚ್ಚು ಎಲ್ಲಿದೆ? ಹೊರಗಿನವರು ನಮ್ಮ ನಾಡನ್ನು ಓದುವಾಗ

ಕೆಲವು ವರ್ಷಗಳ ಹಿಂದಿನ ಮಾತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಮನೆ. ಒಳಗೆ ಕೈಮಗ್ಗದ ಸದ್ದು, ಪಡಸಾಲೆಯಲ್ಲಿ ಹಾಸಿದ ಚಾಪೆ. ಚಾಪೆಯ ಮೇಲೆ ನಾನು ಮತ್ತು ವಿದೇಶದಿಂದ ಬಂದ ಒಬ್ಬ ಸಂಶೋಧಕಿ. ಎದುರಿಗೆ ಎಂಬತ್ತರ ಹತ್ತಿರದ ಅಜ್ಜಿ. ನಮ್ಮ ಭಾಗದ ಜನ ಭಾಷೆ, ನಾಡು, ದೇಶ ಇವುಗಳ ಬಗ್ಗೆ ಹೇಗೆ ಯೋಚಿಸುತ್ತಾರೆ ಅನ್ನೋದು ಸಂಶೋಧಕಿಯ ಅಧ್ಯಯನದ ವಿಷಯ. ಆಕೆಗೆ ಪುಸ್ತಕದ ಕನ್ನಡ ಬರುತ್ತಿತ್ತು, ಗದಗಿನ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ನಾನು ದುಭಾಷಿಯಾಗಿ ಹೋಗಿದ್ದೆ.

ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ಭಾಷೆ ಯಾವುದು? ಉತ್ತರ ಬರೆಯಲು ಒಂದೇ ಒಂದು ಚಿಕ್ಕ ಖಾಲಿ ಜಾಗ. ಅಜ್ಜಿ ಪಟ್ಟೇಗಾರ ಮನೆತನದವರು. ಊಟದ ಹೆಸರಿನಿಂದ ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಾವಜಿ ಸಮುದಾಯ. ಅವರ ಮನೆಮಾತು ಬೇರೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಉದ್ದವಾಗಿಯೇ ಉತ್ತರ ಕೊಟ್ಟರು. ಫಾರ್ಮಿನಲ್ಲಿ ಬಿದ್ದದ್ದು ಒಂದೇ ಪದ, 'ಕನ್ನಡ'. ಆ ಪದ ಹಾಕಿಸಿದವನು ನಾನು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಇದು ಈಗ ಮತ್ತೆ ನೆನಪಾಗಲು ಕಾರಣ ಇದೆ. 2025ರ ಅಕ್ಟೋಬರಿನಲ್ಲಿ ಹಿಂದಿ ಸಾಹಿತ್ಯದ ವಿದ್ವಾಂಸೆ ಫ್ರಾಂಚೆಸ್ಕಾ ಒರ್ಸಿನಿ ಅವರನ್ನು ದೆಹಲಿ ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಲಾಯಿತು. ವೀಸಾ ಷರತ್ತು ಮೀರಿದ್ದರು ಎಂದು ಸರ್ಕಾರಿ ಮೂಲಗಳು ಹೇಳಿದ್ದಾಗಿ ಪತ್ರಿಕೆಗಳಲ್ಲಿ ಬಂತು. ಹಿಂದಿ ಭಾಷೆಗೂ ರಾಷ್ಟ್ರೀಯತೆಗೂ ನಂಟು ಬೆಳೆದ ಬಗೆಯನ್ನು ದಶಕಗಳ ಕಾಲ ಓದಿದವರು ಅವರು. ಅದಕ್ಕೂ ಮೊದಲು, 2022ರ ಮಾರ್ಚಿನಲ್ಲಿ, ಕೇರಳದ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಫಿಲಿಪ್ಪೊ ಒಸೆಲ್ಲಾ ಅವರನ್ನು ತಿರುವನಂತಪುರದಿಂದ ಹಿಂದಕ್ಕೆ ಕಳಿಸಿದ್ದರು. ಇಂಥ ಸುದ್ದಿ ಬಂದಾಗ ಧಾರವಾಡದಲ್ಲಿ ಎರಡು ಮಾತು ಕೇಳುತ್ತೇನೆ. 'ಒಳ್ಳೇದಾಯ್ತು, ನಮ್ಮ ಬಗ್ಗೆ ಬರೆಯೋಕೆ ಇವರು ಯಾರು?' ಅನ್ನೋದು ಒಂದು. 'ಹೊರಗಿನವರಿಗೆ ಯಾವ ಪಕ್ಷವೂ ಇಲ್ಲ, ಅವರು ಬರೆದದ್ದೇ ಸರಿ, ನಮ್ಮವರದ್ದೆಲ್ಲ ಬರೀ ಅಭಿಮಾನ' ಅನ್ನೋದು ಇನ್ನೊಂದು.

ಎರಡೂ ಕಡೆಯವರು ಕೇಳುತ್ತಿರುವುದು ಬರೆದವರ ವಿಳಾಸವನ್ನು. ನಾವು ಕೇಳಬೇಕಾದದ್ದು ಬೇರೆ ಅಂತ ನನಗೆ ಅನಿಸುತ್ತದೆ. ಅದನ್ನು ಹೇಳಲು ಹುಬ್ಬಳ್ಳಿ-ಧಾರವಾಡಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಯಾಕೆಂದರೆ ನಮ್ಮ ಭಾಗವನ್ನು ರೂಪಿಸಿದ್ದೇ ಎರಡು ಅಭಿಮಾನಗಳು, ದೇಶದ್ದು ಮತ್ತು ಭಾಷೆಯದ್ದು. ಖಾದಿಯ ರಾಷ್ಟ್ರಧ್ವಜ ತಯಾರಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಕನ್ನಡದ ಕೆಲಸಕ್ಕೆ ಅಂತಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಧಾರವಾಡದಲ್ಲಿ. ಏಕೀಕರಣಕ್ಕಾಗಿ 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕೂತದ್ದು ಹುಬ್ಬಳ್ಳಿಯ ಮಗ್ಗುಲಲ್ಲಿ. ಇಂಥ ಊರಿನಲ್ಲಿ 'ಹೊರಗಿನವರು' ಅಂದರೆ ಯಾರು? ಲಂಡನ್ನಿನವರು ಸರಿ. ಪುಣೆಯವರು? ನಮ್ಮ ಹಿರಿಯರ ಲೆಕ್ಕದಲ್ಲಿ ಅವರೂ ಹೊರಗಿನವರೇ. ಇನ್ನೂ ಒಂದು ಮಾತು ಹೇಳಬೇಕು, ಸ್ವಲ್ಪ ಕಹಿಯಾದರೂ. ಮೈಸೂರು, ಬೆಂಗಳೂರಿನಿಂದ ಬಂದು ನಮ್ಮ ಮಾತನ್ನು 'ಗಂಡು ಭಾಷೆ' ಅಂತ ಒಂದೇ ಪದದಲ್ಲಿ ಮುಗಿಸುವವರನ್ನೂ ನಮ್ಮ ಜನ ಒಳಗಿನವರು ಅಂತ ಪೂರ್ತಿ ಒಪ್ಪಿಲ್ಲ. 1956ರಲ್ಲಿ ನಾಡು ಒಂದಾಯಿತು. ಆದರೂ 2021ರವರೆಗೆ ನಮ್ಮ ಭಾಗದ ಹೆಸರು 'ಮುಂಬೈ ಕರ್ನಾಟಕ' ಅಂತಲೇ ಇತ್ತು. ಆ ವರ್ಷ ಅದು 'ಕಿತ್ತೂರು ಕರ್ನಾಟಕ' ಆಯಿತು. ಇಂದು ಒಬ್ಬ ಸಂಶೋಧಕ ಇವೆರಡರಲ್ಲಿ ಯಾವ ಹೆಸರು ಬರೆಯುತ್ತಾನೋ ನೋಡಿ, ಜನ ಅವನನ್ನು ಮೊದಲ ಸಾಲಿನಲ್ಲೇ ಅಳೆದುಬಿಡುತ್ತಾರೆ.

ಕಿತ್ತೂರಿನ ಸೆರೆಯಾಳು, ಬೆಳಗಾವಿ ಸೀಮೆಯ ಲಾವಣಿ

1824ರ ಅಕ್ಟೋಬರ್ 23. ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸತ್ತ. ಅವನ ಇಬ್ಬರು ಸಹಾಯಕರು ಸೆರೆ ಸಿಕ್ಕರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಕೆಲವು ವಾರಗಳ ಸೆರೆಯ ನಂತರ ಬಿಡುಗಡೆಯಾಯಿತು.

ಇಂಥವನಿಗೆ ಈ ನೆಲದ ಬಗ್ಗೆ ಸಿಟ್ಟು ಇರಬೇಕಿತ್ತು, ಅಲ್ವಾ? ಆದರೆ ಅದೇ ಎಲಿಯಟ್ ಮುಂದೆ ನಮ್ಮ ಜಿಲ್ಲೆಗಳ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. 1830ರ ದಶಕದಲ್ಲಿ ಅವುಗಳ ಆಧಾರದ ಮೇಲೆ ಚಾಲುಕ್ಯರ ಬಗ್ಗೆ ಲೇಖನ ಬರೆದ. ಮಾನ್ಯಖೇಟ, ಕಲ್ಯಾಣದ ಅರಸರು ಬರೀ ಕಥೆಯಲ್ಲ, ಕಲ್ಲಿನ ಮೇಲೆ ತಾರೀಖಿನ ಸಮೇತ ಇದ್ದಾರೆ ಅನ್ನೋದು ಹೊರಜಗತ್ತಿಗೆ ಗೊತ್ತಾಗತೊಡಗಿದ್ದು ಇಂಥ ಕೆಲಸದಿಂದ. ಆದರೆ ಎಲಿಯಟ್ ಬಳಿ ಇದ್ದವು ಕೈಯಿಂದ ಬರೆಸಿದ ನಕಲುಗಳು. ನಕಲು ಮಾಡಿದ ಸ್ಥಳೀಯರ ಹೆಸರು ನಮಗೆ ಸಿಗುವುದಿಲ್ಲ. ಕೈನಕಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಮುಂದಿನ ಓದುಗನಿಗೆ ಅದು ಗೊತ್ತೇ ಆಗುವುದಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆ ಇಟ್ಟವನು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬೈ ಪ್ರಾಂತ್ಯದ ಸೇವೆಗೆ ಬಂದ ಅಧಿಕಾರಿ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತ ಹಳಗನ್ನಡ ಕಲಿತ. 1882ರಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಪುಸ್ತಕ ಬರೆದ. ನನಗೆ ಮುಖ್ಯ ಅನಿಸುವುದು ಅವನ ತೀರ್ಮಾನಕ್ಕಿಂತ ಅವನ ರೀತಿ. ಅವನ ಕಾಲಕ್ಕೆ ಶಾಸನಗಳನ್ನು ಪಡಿಯಚ್ಚಿನ ಸಮೇತ ಅಚ್ಚು ಹಾಕುವ ಪದ್ಧತಿ ಬಂದಿತ್ತು.

ಪಡಿಯಚ್ಚು ತೆಗೆಯುವುದನ್ನು ನೋಡದವರಿಗೆ ಒಂದೆರಡು ಮಾತು. ಮೊದಲು ಕಲ್ಲನ್ನು ತಿಕ್ಕಿ ತೊಳೆಯುತ್ತಾರೆ. ಒದ್ದೆ ಕಾಗದವನ್ನು ಅದರ ಮೇಲೆ ಹಾಸುತ್ತಾರೆ. ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗೀರಿನೊಳಗೆ ಇಳಿಯುತ್ತದೆ. ಆಮೇಲೆ ಮಸಿ ಹಚ್ಚಿದ ಬಟ್ಟೆಯ ಗಂಟಿನಿಂದ ಒತ್ತುತ್ತಾರೆ. ಮೇಲ್ಮೈ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬಿಡಿಸಿದರೆ ಕಲ್ಲೇ ಕಾಗದದ ಮೇಲೆ ಬಂದಂತೆ. ಒಡೆದ ಜಾಗ ಒಡೆದ ಹಾಗೇ ಕಾಣುತ್ತದೆ. ಓದಿದವನು ಅಲ್ಲಿ ತನ್ನ ಇಷ್ಟದ ಅಕ್ಷರ ತುಂಬಿಸಿದರೆ ಎದುರಿಗಿದ್ದವನು ಬೆರಳಿಟ್ಟು ತೋರಿಸಬಹುದು.

ಹಾಗಾಗಿಯೇ ಫ್ಲೀಟ್ ಓದಿದ ಶಾಸನಗಳನ್ನು ಮುಂದೆ ಬಂದ ಕನ್ನಡದ ವಿದ್ವಾಂಸರು ಮತ್ತೆ ಓದಿದರು, ತಿದ್ದಿದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಶುರುವಾದ ಮೇಲೆ ಈ ಕೆಲಸ ನಮ್ಮವರ ಕೈಯಲ್ಲೇ ನಡೆಯಿತು. ಫ್ಲೀಟ್ ಇಂಗ್ಲಿಷ್ ಸರ್ಕಾರದ ನೌಕರ. ಅವನಿಗೆ ಕನ್ನಡದ ಅಭಿಮಾನ ಇತ್ತೋ ಇಲ್ಲವೋ, ಅವನನ್ನು ತಿದ್ದಲು ಬೇಕಾದ ಸಾಮಾನನ್ನು ಅವನೇ ನಮ್ಮ ಕೈಗಿಟ್ಟು ಹೋಗಿದ್ದ.

ಅದೇ ಮನುಷ್ಯ ಇನ್ನೊಂದು ಕೆಲಸ ಮಾಡಿದ. ಜನ ಹಾಡುತ್ತಿದ್ದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಹಾಡು ಇದೆ, ಹಲಗಲಿಯ ಬೇಡರ ಹಾಡು ಇದೆ. ಸ್ವಲ್ಪ ನಿಂತು ಯೋಚಿಸಿ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಇದೇ ಆಡಳಿತ. ಆ ಆಡಳಿತದ ಅಧಿಕಾರಿಯೇ ಅವನನ್ನು ಹೊಗಳುವ ಹಾಡನ್ನು ಕನ್ನಡದಲ್ಲೇ, ಪದ ಬಿಡದೆ ಅಚ್ಚು ಹಾಕಿಸುತ್ತಾನೆ. ಜೊತೆಗೆ ಅವನು ಬರೆದ ಇಂಗ್ಲಿಷ್ ಟಿಪ್ಪಣಿಯಲ್ಲಿ ಆಳುವವರ ಕಣ್ಣು ಇದ್ದೇ ಇದೆ. ಆದರೆ ಹಾಡು ಹಾಡಾಗಿ ಉಳಿಯಿತು. ಟಿಪ್ಪಣಿಯನ್ನು ಒಪ್ಪದವರು ಹಾಡನ್ನೇ ಓದಿಕೊಳ್ಳಬಹುದು.

ಈಗ ಅದೇ ಸರ್ಕಾರದ, ಅದೇ ದಶಕದ ಇನ್ನೊಂದು ಬರಹ ನೋಡಿ. 1884ರ ಧಾರವಾಡ ಜಿಲ್ಲೆಯ ಗೆಜೆಟಿಯರ್. ಮಳೆ, ಬೆಳೆ, ಸಂತೆ, ರಸ್ತೆ, ಕೆರೆ ಎಲ್ಲದರ ಲೆಕ್ಕವೂ ಅದರಲ್ಲಿ ಇದೆ. ಇವತ್ತಿಗೂ ನಾನು ತೆರೆದು ನೋಡುವ ಪುಸ್ತಕ. ಆದರೆ ಜಾತಿಗಳ ಅಧ್ಯಾಯಕ್ಕೆ ಬಂದರೆ ಧಾಟಿಯೇ ಬೇರೆ. ಒಂದು ಸಮುದಾಯ ಶುಚಿಯಾದದ್ದು, ಇನ್ನೊಂದು ಕೊಳಕು. ಒಬ್ಬರು ದುಡಿಯುವವರು, ಇನ್ನೊಬ್ಬರು ಮುಂಗೋಪಿಗಳು. ಯಾರು ನೋಡಿದರು, ಎಷ್ಟು ಮನೆ ನೋಡಿದರು, ಯಾರು ಹೇಳಿದರು? ಏನೂ ಇಲ್ಲ. ಇಡೀ ಸಮುದಾಯಕ್ಕೆ ಒಂದು ವಿಶೇಷಣ, ಅಷ್ಟೇ. ಇದನ್ನು ತಿದ್ದುವುದು ಹೇಗೆ? ಇದಕ್ಕೆ ಪಡಿಯಚ್ಚೇ ಇಲ್ಲ.

ಎರಡೂ ಬರಹ ಹೊರಗಿನವರ ಆಡಳಿತದಿಂದಲೇ ಬಂದವು. ಇಬ್ಬರಿಗೂ ಸಂಬಳ ಕೊಟ್ಟದ್ದು ಅದೇ ಖಜಾನೆ. ಒಂದನ್ನು ನಾವು ಇಟ್ಟುಕೊಂಡು ಬೆಳೆಸಿದೆವು. ಇನ್ನೊಂದರ ವಿಶೇಷಣಗಳು ಎಷ್ಟೋ ಜನರ ಬೆನ್ನಿಗೆ ಅಂಟಿಕೊಂಡವು.

ಇಲ್ಲಿ ಬಿ. ಎಲ್. ರೈಸ್ ಅವರನ್ನೂ ನೆನೆಯಬೇಕು. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರು, ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಪುಟ ಸಂಪುಟವಾಗಿ ಹೊರತಂದವರು. ಗಂಗರ ಹಳೆಯ ತಾಮ್ರಪಟಗಳು ಅಸಲಿಯೋ ನಕಲಿಯೋ ಅನ್ನುವ ವಿಷಯದಲ್ಲಿ ರೈಸ್ ಮತ್ತು ಫ್ಲೀಟ್ ವರ್ಷಗಟ್ಟಲೆ ವಾದ ಮಾಡಿದರು. ಹಲವು ಪಟಗಳು ನಕಲಿ ಎಂದ ಫ್ಲೀಟ್. ಅವನ ಪ್ರಶ್ನೆಗಳು ಅಕ್ಷರದ ಆಕಾರದ ಬಗ್ಗೆ, ತಿಥಿ ವಾರಗಳ ಹೊಂದಾಣಿಕೆಯ ಬಗ್ಗೆ ಇದ್ದವು. ನಾಡಿನ ಹಿರಿಮೆಗೆ ಇದು ಪೆಟ್ಟು ಅಂತ ಬೇಜಾರಾದವರು ಇರಬಹುದು. ಆದರೆ ಆ ವಾದ ಪಟಗಳ ಮೇಲೆಯೇ ನಡೆಯಿತು. ಇಬ್ಬರೂ ಒಂದೇ ದೇಶದ ಮೂಲದವರು, ತೀರ್ಮಾನ ಮಾತ್ರ ಉಲ್ಟಾ. 'ಬಿಳಿಯರು ಹೀಗೆ ಬರೆಯುತ್ತಾರೆ' ಅಂತ ಒಂದೇ ಮಾತಿನಲ್ಲಿ ಹೇಳುವವರು ಈ ಜಗಳವನ್ನು ಒಮ್ಮೆ ಓದಬೇಕು.

ಕಿಟೆಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಧರ್ಮಪ್ರಚಾರಕ್ಕೆ ಬಂದವರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಪದದ ಅರ್ಥದ ಜೊತೆ ಅದು ಯಾವ ಹಳೆಯ ಗ್ರಂಥದಲ್ಲಿ, ಯಾವ ಗಾದೆಯಲ್ಲಿ ಬಂದಿದೆ ಎಂದೂ ಕಾಣಿಸಿದರು. ಬಂದ ಉದ್ದೇಶ ಅವರದ್ದು. ಉಳಿದ ಪುರಾವೆ ನಮ್ಮದು.

ನಮ್ಮ ಅಭಿಮಾನ ಯಾವ ಕಲ್ಲಿನ ಮೇಲೆ ನಿಂತಿದೆ

ಆಲೂರ ವೆಂಕಟರಾಯರು 1917ರಲ್ಲಿ ಕರ್ನಾಟಕದ ಗತವೈಭವವನ್ನು ಬರೆದರು. ಮಲಗಿದ ಜನರನ್ನು ಎಬ್ಬಿಸಬೇಕು ಅನ್ನೋದು ಅವರ ಉದ್ದೇಶ, ಅದನ್ನು ಅವರು ಮುಚ್ಚಿಡಲಿಲ್ಲ. ಕದಂಬ, ಚಾಲುಕ್ಯ, ರಾಷ್ಟ್ರಕೂಟರ ವಂಶಾವಳಿಗೆ, ತಾರೀಖುಗಳಿಗೆ ಆ ಕಾಲದ ಕನ್ನಡಿಗರು ಯಾರ ಕಡೆ ನೋಡಬೇಕಿತ್ತು? ಫ್ಲೀಟ್ ಕಡೆ, ಪುಣೆಯ ರಾಮಕೃಷ್ಣ ಗೋಪಾಲ ಭಂಡಾರಕರ್ ಕಡೆ. ಇವರಿಬ್ಬರ ಇತಿಹಾಸಗಳು 1896ರ ಮುಂಬೈ ಗೆಜೆಟಿಯರಿನ ಒಂದೇ ಸಂಪುಟದಲ್ಲಿ ಬಂದಿದ್ದವು. ಅಂದರೆ ಮರಾಠಿ, ಇಂಗ್ಲಿಷ್ ವಿದ್ವಾಂಸರು ಒಟ್ಟು ಮಾಡಿದ ಕಲ್ಲುಗಳಿಂದ ಕನ್ನಡದ ಅಭಿಮಾನದ ಮನೆ ಎದ್ದಿತು. ಇದನ್ನು ಹೇಳಿದರೆ ಆಲೂರರ ಗೌರವ ಕಡಿಮೆಯಾಗುವುದಿಲ್ಲ. ನನ್ನ ಮಟ್ಟಿಗೆ ಜಾಸ್ತಿಯಾಗುತ್ತದೆ. ಸುಮ್ನೆ ಹೊಗಳಿಕೆ ಬರೆಯದೆ, ಆಧಾರ ಎಲ್ಲಿದೆಯೋ ಅಲ್ಲಿಗೆ ಹೋದರು ಅವರು.

ತೊಂದರೆ ಶುರುವಾಗುವುದು ಹೊರಗಿನವರ ಮಾತನ್ನು ನಾವು ಸರ್ಟಿಫಿಕೇಟ್ ಮಾಡಿಕೊಂಡಾಗ. ಗಡಿ ವಿವಾದವನ್ನೇ ತೆಗೆದುಕೊಳ್ಳಿ. 1953ರ ಕೊನೆಗೆ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇದ್ದರು. ಕನ್ನಡದವರೂ ಇಲ್ಲ, ಮರಾಠಿಯವರೂ ಇಲ್ಲ. 1966ರಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿಗೆ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ಬಂತು. ಅವರೂ ಹೊರಗಿನವರೇ, ಅದಕ್ಕೇ ಅವರನ್ನು ಆರಿಸಿದ್ದು. 1967ರಲ್ಲಿ ವರದಿ ಕೊಟ್ಟರು. 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ಕರ್ನಾಟಕಕ್ಕೆ, ಬೆಳಗಾವಿ ನಗರ ಕರ್ನಾಟಕದಲ್ಲೇ. ನಾವು 'ಮಹಾಜನ್ ವರದಿಯೇ ಅಂತಿಮ' ಎಂದೆವು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಈಗ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ಅದೇ ಮಹಾಜನ್ ಬೆಳಗಾವಿಯನ್ನು ಆ ಕಡೆ ಕೊಟ್ಟಿದ್ದರೆ ಧಾರವಾಡದಲ್ಲಿ ಅವರನ್ನು ನಿಷ್ಪಕ್ಷಪಾತಿ ಅಂತ ಕರೆಯುತ್ತಿದ್ದೆವಾ? ನನಗೆ ಅನುಮಾನ. ನಾನೂ ಬೆಳಗಾವಿ ನಮ್ಮದು ಅನ್ನುವವನೇ. ಆದರೆ 'ನಿಷ್ಪಕ್ಷಪಾತ' ಅನ್ನುವ ಪದವನ್ನು ತೀರ್ಪು ನೋಡಿದ ಮೇಲೆ ಹಚ್ಚುವುದು ಸರಿಯಲ್ಲ. 2017-18ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಚರ್ಚೆ ನಡೆದಾಗಲೂ ಇದೇ ಆಯಿತು. ಬ್ರಿಟಿಷರ ಕಾಲದ ಜನಗಣತಿಯ ಒಂದು ಸಾಲು ತಮಗೆ ಅನುಕೂಲವಾದರೆ ಅದು ಪ್ರಮಾಣ, ಇಲ್ಲದಿದ್ದರೆ ಬ್ರಿಟಿಷರ ಒಡೆದು ಆಳುವ ನೀತಿ.

ಹೆಸರಿನಲ್ಲೇ ಪಕ್ಷ

ಇಲ್ಲಿಗೆ ಬರುವ ಸಂಶೋಧಕರಿಗೆ ಮೊದಲು ಎದುರಾಗುವ ಕಷ್ಟ ಹೆಸರುಗಳದ್ದು. ಹುಬ್ಬಳ್ಳಿಯ ನಡುವೆ ಒಂದು ಮೈದಾನ ಇದೆ. ಕೆಲವರಿಗೆ ಅದು ಈದ್ಗಾ ಮೈದಾನ, ಕೆಲವರಿಗೆ ರಾಣಿ ಚೆನ್ನಮ್ಮ ಮೈದಾನ. ಅಲ್ಲಿ ರಾಷ್ಟ್ರಧ್ವಜ ಹಾರಿಸುವ ವಿವಾದದಲ್ಲಿ 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಜನ ಸತ್ತರು. ಆ ದಿನದ ಬಗ್ಗೆ ಬರೆಯುವವನು ಯಾವ ಹೆಸರು ಹಿಡಿದರೂ ಒಂದು ಕಡೆಯವನಾಗುತ್ತಾನೆ. ಇಂಥ ಕಡೆ ಮಧ್ಯದ ಹೆಸರು ಅಂತ ಒಂದಿಲ್ಲ. ಎರಡೂ ಹೆಸರು ಬರೆದು, ಯಾರು ಯಾವುದನ್ನು ಯಾವಾಗಿನಿಂದ ಬಳಸುತ್ತಾರೆ ಎಂದು ಹೇಳುವುದೊಂದೇ ದಾರಿ.

ಕಿತ್ತೂರಿನ ವಿಷಯವೂ ಹಾಗೇ. ಕಂಪನಿಯ ಕಾಗದಗಳಲ್ಲಿ ಅದು 'ದಂಗೆ'. ನಮ್ಮ ಪಠ್ಯಪುಸ್ತಕದಲ್ಲಿ 'ಸ್ವಾತಂತ್ರ್ಯ ಸಂಗ್ರಾಮದ ಮೊದಲ ಕಹಳೆ'. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡರು. ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ. ಚೆನ್ನಮ್ಮ ಕಿತ್ತೂರನ್ನು ಒಪ್ಪಿಸಲಿಲ್ಲ. ಆಕೆ ಕಾದಿದ್ದು ಕಿತ್ತೂರಿಗಾಗಿ, ಕೊನೆಗೆ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಇಷ್ಟೇ ಸಾಕು ಆಕೆಯ ಮುಂದೆ ತಲೆಬಾಗಲು. ಇಡೀ ಭಾರತದ ನಕಾಶೆ ಆಕೆಯ ಮನಸ್ಸಿನಲ್ಲಿತ್ತು ಅಂತ ನಾವು ಸೇರಿಸಬೇಕಾಗಿಲ್ಲ. ಹೊರಗಿನ ಇತಿಹಾಸಕಾರರೊಬ್ಬರು ಇದನ್ನು ಹೇಳಿದರೆ ಸಿಟ್ಟು ಬರುತ್ತದೆ. ಆದರೆ ಆ ಮಾತು ಚೆನ್ನಮ್ಮನನ್ನು ಚಿಕ್ಕವರನ್ನಾಗಿ ಮಾಡುವುದಿಲ್ಲ.

ಹಾವೇರಿ ಜಿಲ್ಲೆಯ ಶಿಶುವಿನಹಾಳಕ್ಕೆ ಬನ್ನಿ. ಶರೀಫರ ಗದ್ದುಗೆಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಹೊರಗಿನ ವಿದ್ವಾಂಸರು ಬಂದರೆ ಒಂದು ಪೆಟ್ಟಿಗೆ ಹುಡುಕುತ್ತಾರೆ: ಸೂಫಿಯೋ, ಅವಧೂತನೋ, ಎರಡು ಧರ್ಮಗಳ ಬೆರಕೆಯೋ? ನಮ್ಮ ಸರ್ಕಾರಿ ವೇದಿಕೆಗಳದ್ದೂ ಒಂದು ಪೆಟ್ಟಿಗೆ ಇದೆ, 'ಭಾವೈಕ್ಯದ ಸಂಕೇತ'. 'ಕರ್ನಾಟಕದ ಕಬೀರ' ಅನ್ನುವುದೂ ಉತ್ತರದಿಂದ ತಂದ ಅಳತೆಗೋಲು. ಗದ್ದುಗೆಗೆ ಕಾಯಿ ಒಡೆಸಲು ಬಂದ ಹೆಣ್ಣುಮಗಳು ಎರಡು ಧರ್ಮಗಳನ್ನು ಮೊದಲು ಬೇರೆ ಮಾಡಿ ಆಮೇಲೆ ಕೂಡಿಸುವುದಿಲ್ಲ. ಆಕೆ ಶರೀಫಜ್ಜನ ಹತ್ತಿರ ಬಂದಿದ್ದಾಳೆ, ಅಷ್ಟೇ. ಹೊರಗಿನವರ ಪೆಟ್ಟಿಗೆಯೂ ಒಳಗಿನವರ ಪೆಟ್ಟಿಗೆಯೂ ಆಕೆಯನ್ನು ಕೇಳದೆ ಮಾಡಿದವು.

ಇನ್ನು ಹಳೆಯ ಕಾವ್ಯದ ಮಾತು. ಕವಿರಾಜಮಾರ್ಗದ 'ಕಾವೇರಿಯಿಂದಮಾ ಗೋದಾವರಿವರಂ' ನಮಗೆಲ್ಲ ಬಾಯಿಪಾಠ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅದು ಪುಲಿಗೆರೆಯನ್ನೂ ಹೆಸರಿಸುತ್ತದೆ. ಅದೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಏಕೀಕರಣದ ಕಾಲದಲ್ಲಿ ಈ ಸಾಲು ನಮಗೆ ಗಡಿಯ ದಾಖಲೆಯಾಯಿತು. ಅಮೆರಿಕದ ಶೆಲ್ಡನ್ ಪೊಲಾಕ್ ಮೈಸೂರಿನ ವಿದ್ವಾಂಸರ ಬಳಿ ಹಳಗನ್ನಡ ಓದಿ ಇದೇ ಗ್ರಂಥದ ಬಗ್ಗೆ ಬರೆದರು. ಒಂಬತ್ತನೇ ಶತಮಾನದ ಆ ನಾಡಿನ ಕಲ್ಪನೆಯನ್ನು ಇಂದಿನ ರಾಷ್ಟ್ರೀಯತೆಯ ಕನ್ನಡಕದಲ್ಲಿ ನೋಡಬಾರದು ಅನ್ನುವುದು ಅವರ ವಾದದ ಒಂದು ಎಳೆ. ಅವರಿಗೆ 2010ರಲ್ಲಿ ಪದ್ಮಶ್ರೀ ಸಿಕ್ಕಿತು. 2016ರಲ್ಲಿ ಅವರನ್ನು ಭಾರತದ ಪ್ರಾಚೀನ ಗ್ರಂಥಮಾಲೆಯ ಸಂಪಾದಕ ಸ್ಥಾನದಿಂದ ತೆಗೆಯಬೇಕೆಂದು 132 ಜನ ಸಹಿ ಹಾಕಿದರು. ಪೊಲಾಕ್ ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ರಾಜಾಶ್ರಯಕ್ಕೆ ಅವರು ಕೊಡುವ ತೂಕ ಜಾಸ್ತಿಯಾಯಿತು, ಲಕ್ಷ್ಮೇಶ್ವರದ ಬಸದಿಯ ಜೈನ ಪರಂಪರೆಗೆ ಕೊಟ್ಟದ್ದು ಸಾಲದು ಅಂತ ನನ್ನ ಅನಿಸಿಕೆ. ಆದರೆ ಇದನ್ನು ಹೇಳಲು ನನಗೆ ಬೇಕಾದದ್ದು ಕವಿರಾಜಮಾರ್ಗ. ಸಹಿ ಸಂಗ್ರಹ ಅಲ್ಲ.

ಬೆಲೆ ತೆರುವವರು ಯಾರು

ಇಲ್ಲಿ ಹೊರಗಿನ ಸಂಶೋಧಕರಿಗೂ ಒಂದು ಮಾತು ಹೇಳಬೇಕು. ಅವರು ಬರೆದದ್ದರ ಬೆಲೆಯನ್ನು ಬಹಳ ಸಲ ಇಲ್ಲಿಯವರು ತೆರುತ್ತಾರೆ.

ಪುಣೆಯಲ್ಲಿ ನಡೆದದ್ದು ನಮಗೆ ದೂರದ ಸುದ್ದಿಯಲ್ಲ. ಶಿವಾಜಿಯ ಬಗ್ಗೆ ಅಮೆರಿಕದ ಜೇಮ್ಸ್ ಲೇನ್ ಒಂದು ಪುಸ್ತಕ ಬರೆದರು. ಅದರಲ್ಲಿ ಶಿವಾಜಿಯ ಹುಟ್ಟಿನ ಬಗ್ಗೆ ಯಾರೋ ಆಡಿಕೊಳ್ಳುವ ಮಾತು ಅಂತ ಒಂದು ವಾಕ್ಯ ಇತ್ತು. ಆ ವಾಕ್ಯಕ್ಕೆ ಆಧಾರ ಇರಲಿಲ್ಲ. ವಿದ್ವಾಂಸನೊಬ್ಬ ಹಾಗೆ ಬರೆಯಬಾರದಿತ್ತು. ಆದರೆ ಆದದ್ದೇನು? ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಹೆಸರಿದ್ದ ಪುಣೆಯ ವಿದ್ವಾಂಸರೊಬ್ಬರ ಮುಖಕ್ಕೆ ಮಸಿ ಬಳಿದರು. 2004ರ ಜನವರಿ 5ರಂದು ಭಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಗೆ ಗುಂಪು ನುಗ್ಗಿತು. ಹಸ್ತಪ್ರತಿಗಳು, ಹಳೆಯ ವಸ್ತುಗಳು ಹಾಳಾದವು. ಲೇನ್ ಅಮೆರಿಕದಲ್ಲಿದ್ದರು. ಆಧಾರವಿಲ್ಲದ ಒಂದು ವಾಕ್ಯದ ಸಿಟ್ಟಿಗೆ, ಎಷ್ಟೋ ವಾಕ್ಯಗಳಿಗೆ ಆಧಾರವಾಗಬೇಕಿದ್ದ ಓಲೆಗಳು ಬಲಿಯಾದವು. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಒಳಗಿನವನೇ ಆಗಿ ಪ್ರಶ್ನೆ ಕೇಳಿದರೆ? ಡಾ. ಎಂ. ಎಂ. ಕಲಬುರ್ಗಿಯವರು ನಮ್ಮವರು. ವಿಜಯಪುರ ಜಿಲ್ಲೆಯಿಂದ ಬಂದು ಧಾರವಾಡದಲ್ಲೇ ಪಾಠ ಮಾಡಿದರು, ಇಲ್ಲೇ ನೆಲೆ ನಿಂತರು. ವಚನಕಾರರ ಬಗ್ಗೆ ಬರೆದದ್ದಕ್ಕೆ 1980ರ ದಶಕದ ಕೊನೆಗೆ ತಮ್ಮದೇ ಸಮಾಜದ ಒತ್ತಡದಲ್ಲಿ ಕೆಲವು ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡು ಹೊಡೆದು ಕೊಂದರು. ಒಳಗಿನವರಿಗೆ ಅಭಿಮಾನ ಇರುತ್ತದೆ, ಅದರಿಂದ ಅವರು ಸತ್ಯ ಹೇಳಲಾರರು ಅಂತ ಹೊರಗಿನ ಕೆಲವರು ಸುಲಭವಾಗಿ ಬರೆಯುತ್ತಾರೆ. ಕಲಬುರ್ಗಿಯವರ ಮನೆಯ ಬಾಗಿಲು ನೋಡಿದವರು ಹಾಗೆ ಬರೆಯಲಾರರು. ಹೊರಗಿನವನಿಗೆ ವೀಸಾ ತಪ್ಪಬಹುದು, ಅದೂ ಅನ್ಯಾಯವೇ. ಒಳಗಿನವನು ಬರೆದ ಮರುದಿನವೂ ಅದೇ ಓಣಿಯಲ್ಲಿ ಹಾಲು ತರಲು ಹೋಗಬೇಕು.

ಹೀಗಿರುವಾಗ ಹೊರಗಿನವರನ್ನು ವಿಮಾನ ನಿಲ್ದಾಣದಲ್ಲೇ ತಡೆದರೆ ನಮಗೇ ನಷ್ಟ. ಒಳಗಿನವರು ಭಯದಿಂದ ಕೇಳದ ಪ್ರಶ್ನೆಯನ್ನು ಕೆಲವೊಮ್ಮೆ ಅವರೇ ಕೇಳುತ್ತಾರೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರನ್ನು ಅಧ್ಯಯನ ಮಾಡಿ 1971ರಲ್ಲಿ ಬರೆದರು. ಅಲ್ಲಿ ಜೈನರ ಮನೆಯಲ್ಲಿ ಕನ್ನಡ, ಮುಸ್ಲಿಮರ ಮನೆಯಲ್ಲಿ ಉರ್ದು, ಊರ ನಡುವೆ ಮರಾಠಿ. ತಲೆಮಾರುಗಳ ಕಾಲ ಜೊತೆಗೆ ಬದುಕಿ ಈ ಭಾಷೆಗಳ ವಾಕ್ಯದ ಕಟ್ಟೇ ಹೆಚ್ಚುಕಡಿಮೆ ಒಂದಾಗಿಬಿಟ್ಟಿತ್ತು. ಪದ ಬೇರೆ, ಅಚ್ಚು ಒಂದೇ. ಗಡಿಗಾಗಿ ಎರಡು ರಾಜ್ಯಗಳು ಕಿತ್ತಾಡುತ್ತಿದ್ದ ಕಾಲದಲ್ಲಿ ನಮ್ಮ ಕಡೆಯವರಾಗಲಿ ಆ ಕಡೆಯವರಾಗಲಿ ಇದನ್ನು ಹುಡುಕಲು ಹೋಗುವ ಮನಸ್ಥಿತಿಯಲ್ಲಿ ಇರಲಿಲ್ಲ. ಅವರು ಉದಾಹರಣೆ ವಾಕ್ಯಗಳನ್ನು ಸಾಲಾಗಿ ಕೊಟ್ಟರು. ಒಪ್ಪದವರು ಕುಪವಾಡಕ್ಕೇ ಹೋಗಿ ಕೇಳಬಹುದಿತ್ತು.

ಆದ್ದರಿಂದ ನಮ್ಮೂರಿಗೆ ಬರುವವರನ್ನು ನಾನು ಈಗ ಕೇಳುವುದು ಬೇರೆ ಪ್ರಶ್ನೆ. ನೀವು ಮಾಡಿದ ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ? ಅದರ ಒಂದು ಪ್ರತಿ ಧಾರವಾಡದಲ್ಲಿ ಉಳಿಯುತ್ತದಾ? ದುಭಾಷಿ ಯಾರು, ಅವರ ಊರು, ಜಾತಿ, ರಾಜಕೀಯ ಏನು ಅಂತ ಬರೆಯುತ್ತೀರಾ? ಮಾತಾಡಿದ ಜನರಿಗೆ ತೊಂದರೆಯಾಗದ ಹಾಗೆ ಹೆಸರು ಮುಚ್ಚುತ್ತೀರಾ? ಪುಸ್ತಕ ಬಂದ ಮೇಲೆ ಬೆಟಗೇರಿಯ ನೇಕಾರರ ಮಗಳು ಅದನ್ನು ಓದಲು ಎಷ್ಟು ದುಡ್ಡು ಕೊಡಬೇಕು? ವಿದೇಶಿ ಪತ್ರಿಕೆಯ ಒಂದು ಲೇಖನಕ್ಕೆ ಸಾವಿರಾರು ರೂಪಾಯಿ ಕೇಳುವ ಕಾಲ ಇದು. ನಮ್ಮ ಮಾತನ್ನು ನಾವೇ ಕೊಂಡು ಓದುವ ಹಾಗಾಗಬಾರದು.

ನಮ್ಮವರನ್ನೂ ಇವೇ ಪ್ರಶ್ನೆ ಕೇಳುತ್ತೇನೆ, ಸ್ವಲ್ಪವೂ ಸಡಿಲ ಮಾಡದೆ. ಅದಕ್ಕೆ ಕಾರಣ ಬೆಟಗೇರಿಯ ಆ ಮಧ್ಯಾಹ್ನ.

ಸಂಶೋಧಕಿ ಊರಿಗೆ ಮರಳಿ ಎರಡು ವರ್ಷದ ಮೇಲೆ ತನ್ನ ಪ್ರಬಂಧದ ಒಂದು ಅಧ್ಯಾಯ ಕಳಿಸಿದರು. ಅದರಲ್ಲಿ ಅಜ್ಜಿ ಇದ್ದರು, 'ಕನ್ನಡ ಮಾತಾಡುವ ಹಿರಿಯ ನೇಕಾರ ಮಹಿಳೆ' ಎಂದು. ನಮ್ಮ ಭಾಗದಲ್ಲಿ ಎಲ್ಲ ಸಮುದಾಯಗಳೂ ತಮ್ಮನ್ನು ಕನ್ನಡದವರೆಂದೇ ಗುರುತಿಸಿಕೊಳ್ಳುತ್ತವೆ ಎಂಬ ಮಾತಿಗೆ ಅವರನ್ನು ಸಾಕ್ಷಿ ಮಾಡಿದ್ದರು. ಓದಿ ಮೊದಲು ಖುಷಿಯಾಯಿತು. ಆಮೇಲೆ ಆ ಚಾಪೆ ನೆನಪಾಯಿತು. ಅಜ್ಜಿ ಹೇಳಿದ್ದು ಅದಲ್ಲ. ಉದ್ದ ಉತ್ತರವನ್ನು ಒಂದು ಪದ ಮಾಡಿದ್ದು ನಾನು. ಖಾಲಿ ಜಾಗ ಚಿಕ್ಕದಿತ್ತು ಅನ್ನೋದು ನಿಜ. ಆದರೆ ವಿದೇಶದ ಪುಸ್ತಕದಲ್ಲಿ ನಮ್ಮೂರಿನ ಹೆಸರಿನ ಪಕ್ಕ 'ಕನ್ನಡ' ಅಂತಲೇ ಇರಲಿ ಅನ್ನುವ ಆಸೆ ನನ್ನೊಳಗೆ ಇತ್ತು. ಹೊರಗಿನವರ ಬರಹದಲ್ಲಿ ಸೇರಿಕೊಂಡ ಪಕ್ಷಪಾತ ಧಾರವಾಡದ್ದು, ನನ್ನದು.

2011ರ ಜನಗಣತಿಯಲ್ಲೂ ಗಣತಿದಾರರು ಮನೆ ಮನೆಗೆ ಬಂದು ಮಾತೃಭಾಷೆ ಕೇಳಿದ್ದರು. ಅಲ್ಲೂ ಅದಕ್ಕೆ ಒಂದೇ ಜಾಗ ಇತ್ತು, ಗೊತ್ತಿರುವ ಬೇರೆ ಭಾಷೆಗಳಿಗೆ ಇನ್ನೆರಡು. ಮನೆಯಲ್ಲಿ ಮರಾಠಿ ಆಡಿ ಕನ್ನಡಕ್ಕೆ ಜ್ಞಾನಪೀಠ ತಂದ ಬೇಂದ್ರೆಯವರ ಊರಿನಲ್ಲಿ ಆ ಒಂದು ಜಾಗ ಯಾರಿಗೆ ಸಾಕಾಗುತ್ತದೆ?

ನಾನು ಸಂಶೋಧಕಿಗೆ ಪತ್ರ ಬರೆದೆ. ತಪ್ಪು ಒಪ್ಪಿಕೊಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ರೆಕಾರ್ಡಿಂಗ್ ಇಟ್ಟಿದ್ದರು. ಹುಡುಕಿ ಆ ತುಣುಕನ್ನು ನನಗೆ ಕಳಿಸಿದರು. ಮಗ್ಗದ ಸದ್ದು, ನನ್ನ ಅವಸರದ ದನಿ, ಅದರ ನಡುವೆ ಅಜ್ಜಿಯ ಮಾತು. ಇಬ್ಬರೂ ಕೂತು, ಒಂದೊಂದು ಪದವನ್ನೂ ಮೂರು ನಾಲ್ಕು ಸಲ ಕೇಳಿ ಬರೆದುಕೊಂಡೆವು. ಅವರು ಅಧ್ಯಾಯವನ್ನು ತಿದ್ದಿದರು. ಈಗ ಅಲ್ಲಿ ಇರುವುದು ಇದು:

'ಮನ್ಯಾಗ ನಮ್ಮ ಮಾತ ಆಡತೇವಿ. ಮಗ್ಗದಾಗ ಕುಂತ್ರ ಕನ್ನಡ. ಯಾಪಾರಕ್ಕ ಹ್ವಾದ್ರ ಮರಾಠಿನೂ ಬರಬೇಕ. ದೇವರ ಮುಂದ ಯಾವ್ದ ಬರತೈತಿ ಅದು. ಇದ್ರಾಗ ಯಾವ್ದ ನಂದು ಅಂತ ಒಂದ ಹೆಂಗ ಹೇಳ್ಲಿ ತಮ್ಮಾ, ನೀನ ಹೇಳು.'